ಅಂಗಳದಾಗ ಆಯಿಲ್ ಛೇಂಜ್

ಹೊಸ ಬೈಕಿನ ಮೊದಲ ಆಯಿಲ್ ಸಾಮಾನ್ಯವಾಗಿ 500 ಕಿ.ಮೀ. ದಾಟಿದ ಮ್ಯಾಲೆ ಬದಲಿಸ್ತಾರ. ಎಂಜಿನ್ ಬಿಸಿ ಇದ್ದರ ಆಯಿಲ್ ತೆಳ್ಳಗಾಗಿ ಪೂರ್ತಿ ಇಳೀತದ. ಅದಕ್ಕ ಬೆಳಗಾವಿಯಿಂದ ಖಾನಾಪುರಕ್ಕ ಒಂದು ಸುತ್ತು.

‘ಬಿಸಿ ಮಾಡಾಕ ಅಷ್ಟು ದೂರ ಯಾಕ್ರೀ?’ ಅಂದ್ಲು ಹೆಂಡತಿ. ಮಲಪ್ರಭಾ ದಂಡಿಯ ಚಹಾದ ವಿಷಯ ಬೈಕಿನ ಪುಸ್ತಕದಾಗ ಇಲ್ಲ, ನಾನೂ ಹೇಳಲಿಲ್ಲ.

ಟಿಳಕವಾಡಿಯ ಅಂಗಳದಾಗ ಡ್ರೇನ್ ಬೋಲ್ಟಿಗೆ ಪಾನಾ ಹಾಕೂದರಾಗ ಓಣಿ ನೆರೀತು. ಸಲಹೆ ಅರ್ಧ ಮರಾಠಿ, ಅರ್ಧ ಕನ್ನಡ. ಪಾನಾ ತಿರುವೂ ಕೈ ಮಾತ್ರ ನಂದೊಂದ. ಕರೀ ಆಯಿಲಿನಾಗ ಸಣ್ಣ ಲೋಹದ ಪುಡಿ ಮಿಂಚಿತು. ‘ಎಂಜಿನ್ ಹೋತು!’ ಅಂದ್ರು ಬಾಜೂಮನಿ ಕಾಕಾ. ಹೊಸ ಗೇರು ತಿಕ್ಕಾಡಿದರ ಮೊದಲಿಗೆ ಪುಡಿ ಉದುರೂದ ಅಂತ ಎಷ್ಟು ಹೇಳಿದರೂ ಅವರ ಸೂತಕದ ಮಾರಿ ಇಳೀಲಿಲ್ಲ.

ಹಳೇ ಆಯಿಲ್ ಗಟಾರಕ್ಕ ಚೆಲ್ಲಬಾರದು. ಚೆಲ್ಲೂ ಮಾತೆಲ್ಲಿ? ಗೇಟಿನ ಬಿಜಾಗರಿಗೆ ಬೇಕಂತ ಕಾಕಾ ಆಗಲೇ ಬಾಟ್ಲಿ ತಂದಿದ್ರು.