ಗುಲಗಂಜಿ ಮಾನದಲ್ಲಿ ಪುಣ್ಯ: ಮಹಾಪ್ರಬಂಧದ ಮೊದಲ ಅಧ್ಯಾಯ

ಪುಣ್ಯವನ್ನು ತಕ್ಕಡಿಗೆ ಹಾಕಲಾಗದು ಎಂಬ ಪೂರ್ವಪಕ್ಷವನ್ನು ಟಿ. ನರಸೀಪುರದ ಗುಂಜಾ ನರಸಿಂಹಸ್ವಾಮಿ ಎಂದೋ ಖಂಡಿಸಿದ್ದಾನೆ. ಊರವರು ಹೇಳುವ ಕಥೆಯಂತೆ, ಅಗಸನೊಬ್ಬನ ಕನಸಿನಲ್ಲಿ ಬಂದ ದೇವರು, ‘ನೀನು ಬಟ್ಟೆ ಒಗೆಯುವ ಕಲ್ಲಿನ ಕೆಳಗೇ ಇದ್ದೇನೆ, ಗುಡಿ ಕಟ್ಟು’ ಎಂದ. ಅಗಸನಿಗೋ ಕಾಶಿಗೆ ಹೋಗುವ ಆಸೆ. ‘ಅಷ್ಟು ದೂರ ಯಾಕಪ್ಪ? ಈ ಜಾಗ ಕಾಶಿಗಿಂತ ಒಂದು ಗುಲಗಂಜಿ ಹೆಚ್ಚೇ’ ಎಂದು ದೇವರು ಸಮಾಧಾನ ಹೇಳಿದ. ಮೂರ್ತಿಯ ಬೆರಳುಗಳ ನಡುವೆ ಆ ಗುಲಗಂಜಿ ಇವತ್ತಿಗೂ ಇದೆ. ಅಡಿಟಿಪ್ಪಣಿಯನ್ನು ಕೈಯಲ್ಲೇ ಹಿಡಿದು ನಿಂತ ಇಂಥ ಗ್ರಂಥಕರ್ತ ವಿಶ್ವವಿದ್ಯಾಲಯಗಳಲ್ಲೂ ಅಪರೂಪ.

ಈಗ ಲೆಕ್ಕ. ಕೆಂಪು ಮೈ, ಕಪ್ಪು ಮೂತಿಯ ಈ ಬೀಜವನ್ನು ಅಕ್ಕಸಾಲಿಗರು ಚಿನ್ನ ತೂಗಲು ಬಳಸುತ್ತಿದ್ದರು. ತೂಕ ಸುಮಾರು 0.12 ಗ್ರಾಂ. ಆದ್ದರಿಂದ ನರಸೀಪುರದ ಪುಣ್ಯ = ಕಾಶಿ + 0.12 ಗ್ರಾಂ. ಕಾಶಿಯ ಮೂಲ ತೂಕ ಸಿಕ್ಕ ದಿನ ಸಮೀಕರಣ ಪೂರ್ಣವಾಗುತ್ತದೆ. ‘ಹೆಚ್ಚು’ ಎಂದಷ್ಟೇ ಹೇಳಿ ಜಾರಿಕೊಳ್ಳದೆ ಎಷ್ಟು ಹೆಚ್ಚೆಂದು ಹೇಳಿದ ಸ್ಥಳಪುರಾಣದ ಪ್ರಾಮಾಣಿಕತೆಗೆ ಪ್ರಬಂಧಕಾರರು ತಲೆಬಾಗುತ್ತಾರೆ.

ನರಸೀಪುರದ ತ್ರಿವೇಣಿ ಸಂಗಮದಲ್ಲಿ ನದಿಗಳ ಗಣಿತ ಮಾತ್ರ ಕೊಂಚ ಉದಾರ. ಕಣ್ಣಿಗೆ ಕಾಣುವುದು ಕಾವೇರಿ ಮತ್ತು ಕಪಿಲೆ. ಮೂರನೆಯದಾದ ಸ್ಫಟಿಕ ಸರೋವರ ಗುಪ್ತ. ಎರಡಕ್ಕೆ ಸೊನ್ನೆ ಕೂಡಿಸಿದರೆ ಮೂರು. 1989ರಿಂದ ಇಲ್ಲಿ ಕುಂಭಮೇಳ ನಡೆಯುತ್ತಿರುವುದರಿಂದ ಉತ್ತರ ಸರಿಯಿದೆಯೆಂದೇ ತಿಳಿಯತಕ್ಕದ್ದು.

ಅದೇ ಕಪಿಲೆಯ ದಂಡೆಯಲ್ಲಿ, ಮೇಲುಗಡೆ, ನಂಜನಗೂಡು. ವಿಷವುಂಡ ನಂಜುಂಡ ಇಲ್ಲಿ ವೈದ್ಯ. ಟಿಪ್ಪುವಿನ ಪಟ್ಟದಾನೆಯ ಕಣ್ಣು ಹೋದಾಗ ಹರಕೆ ಫಲಿಸಿತಂತೆ. ಸುಲ್ತಾನ ದೇವರನ್ನು ಹಕೀಂ ನಂಜುಂಡ ಎಂದು ಕರೆದು ಪಚ್ಚೆಯ ಲಿಂಗ ಒಪ್ಪಿಸಿದನಂತೆ. ಗುಲಗಂಜಿಯೂ ವಿಷದ ಬೀಜವೇ, ಅಗಿದರೆ ಪ್ರಾಣಕ್ಕೇ ಸಂಚಕಾರ. ವಿಷ ಒಂದೂರಲ್ಲಿ ತೂಕದ ಬಟ್ಟು, ಇನ್ನೊಂದೂರಲ್ಲಿ ವೈದ್ಯನ ಅರ್ಹತೆ! ಇದರ ಮೇಲೊಂದು ವಿಚಾರ ಸಂಕಿರಣವೇ ಆಗಬೇಕು, ಊಟದ ವ್ಯವಸ್ಥೆಯೊಂದಿಗೆ.

ಕೊನೆಗೆ ಇದೇ ನರಸೀಪುರ ತಾಲ್ಲೂಕಿನ ತಲಕಾಡು, ಅಲಮೇಲಮ್ಮನ ಶಾಪ. 1610ರಲ್ಲಿ ಮೈಸೂರಿನ ರಾಜ ಒಡೆಯರು ಶ್ರೀರಂಗಪಟ್ಟಣ ಹಿಡಿದ ಮೇಲೆ ಒಡವೆಗಾಗಿ ಬೆನ್ನಟ್ಟಿದವರಿಂದ ತಪ್ಪಿಸಿಕೊಂಡ, ಅಲ್ಲಿನ ರಾಜಪ್ರತಿನಿಧಿಯ ಮಡದಿಯಾದ ಆಕೆ, ಊರಿಗೆ ಮರಳು, ಮಾಲಂಗಿಗೆ ಮಡುವು, ದೊರೆಗಳಿಗೆ ಸಂತಾನಹೀನತೆ ಎಂದು ಶಪಿಸಿ ಕಾವೇರಿಗೆ ಹಾರಿದಳೆಂಬುದು ಪ್ರತೀತಿ. ವಿಜ್ಞಾನಿ, ಕಾದಂಬರಿಕಾರ ಕೆ.ಎನ್. ಗಣೇಶಯ್ಯನವರು ಬೇರೆ ದಾರಿ ಹಿಡಿದರು: 14ನೇ ಶತಮಾನದ ಮಾಧವಮಂತ್ರಿ ಅಣೆಕಟ್ಟೆಯಿಂದ ನೀರು ಇಳಿದು, ಬಯಲಾದ ಹೊಳೆಮರಳನ್ನು ಗಾಳಿ ಊರಿಗೆ ತಂದು ಸುರಿಯಿತು ಎಂದು. ಹಾಗಾದರೆ ಕಟ್ಟೆ ಮೊದಲು, ಶಾಪ ಇನ್ನೂರಕ್ಕೂ ಹೆಚ್ಚು ವರ್ಷ ಆಮೇಲೆ. ಪ್ರಬಂಧಕಾರರಿಗೆ ಇದರಲ್ಲಿ ವಿರೋಧ ಕಾಣುವುದಿಲ್ಲ. ಸರ್ಕಾರಿ ಆದೇಶದಂತೆ ಶಾಪವೂ ಪೂರ್ವಾನ್ವಯವಾಗಿ ಜಾರಿಗೆ ಬಂದಿದೆ, ಅಷ್ಟೆ.