ಹೊಳೆ ಕಾಣುವ ಸೈಟು

“ಅಪ್ಪಾ, ಸೈಟು ನೋಡ್ತಿದೀನಿ. ಥರ್ಟಿ ಸಾಕಾ, ಫಿಫ್ಟಿ ಬೇಕಾ?” ಎಂದು ಮಗ ಲ್ಯಾಪ್‌ಟಾಪಿನಿಂದ ತಲೆಯೆತ್ತದೆ ಕೇಳಿದ. ಸಂತೋಷಕ್ಕೆ ನನಗೆ ಮಾತೇ ಹೊರಡಲಿಲ್ಲ. ಹನ್ನೆರಡು ವರ್ಷದಿಂದ ಸ್ಯಾನ್ ಹೋಸೆಯಲ್ಲಿ ಬಾಡಿಗೆ ಕಟ್ಟುತ್ತಿರುವವನಿಗೆ ಕೊನೆಗೂ ಬುದ್ಧಿ ಬಂತು, ದೇವನಹಳ್ಳಿ ಕಡೆ ಏನೋ ನೋಡುತ್ತಿದ್ದಾನೆ ಎಂದುಕೊಂಡೆ. “ಥರ್ಟಿ ಫಾರ್ಟಿ ಆದ್ರೂ ಸಾಕು ಕಣೋ, ಪೂರ್ವಕ್ಕೆ ಬಾಗಿಲು ಬರೋ ಹಾಗಿರಲಿ. ಖಾತೆ ಸರಿಯಾಗಿದೆಯಾ ಕೇಳು” ಎಂದೆ. ಅಡುಗೆಮನೆಯಿಂದ ಸೊಸೆ ನಕ್ಕಳು. “ಮಾವ, ಅದು ಅಡಿ ಅಲ್ಲ, ಆಂಪ್ಸು.”

ಮೂವತ್ತೆರಡು ವರ್ಷ ಕೆಇಬಿಯಲ್ಲಿ ಸವೆದವನಿಗೆ ಆಂಪಿಯರ್ ಎಂದು ಹೊಳೆಯಲಿಲ್ಲವಲ್ಲ!

ಮೂರು ದಿನದ ಮಟ್ಟಿಗೆ ಆರ್‌ವಿ ಬಾಡಿಗೆ ಹಿಡಿದು ಪ್ಯಾಸೊ ರೋಬಲ್ಸ್‌ಗೆ ಹೋಗುವುದೆಂದು ನನ್ನನ್ನು ಕೇಳದೆ ತೀರ್ಮಾನವಾಗಿತ್ತು. ಸ್ಯಾನ್ ಹೋಸೆಯಿಂದ ದಕ್ಷಿಣಕ್ಕೆ 101ನೇ ಹೆದ್ದಾರಿಯಲ್ಲಿ ಸುಮಾರು 250 ಕಿ.ಮೀ. ದೂರ, ಇನ್ನೂರಕ್ಕೂ ಹೆಚ್ಚು ವೈನರಿಗಳಿರುವ ಊರು. ಆರ್‌ವಿ ಎಂದರೆ ಲಾರಿಯ ಮೇಲೆ ಕೂರಿಸಿದ ಒಂದು ಬಿಎಚ್‌ಕೆ ಮನೆ. ಒಲೆ, ಫ್ರಿಜ್ಜು, ಕಕ್ಕಸು, ಡ್ರೈವರನ ನೆತ್ತಿಯ ಮೇಲೆ ಅಟ್ಟದಂಥ ಹಾಸಿಗೆ, ಎಲ್ಲ ಇರುತ್ತದೆ. ನಿಲ್ಲಿಸುವ ಜಾಗದಲ್ಲಿ ನಲ್ಲಿ, ಕರೆಂಟು, ಕೊಳಚೆ ಪೈಪು ಮೂರೂ ಸಿಕ್ಕರೆ ಅದಕ್ಕೆ ಫುಲ್ ಹುಕಪ್ ಎನ್ನುತ್ತಾರೆ. 30 ಆಂಪಿನ ಪ್ಲಗ್ಗು 120 ವೋಲ್ಟಿನ ಲೆಕ್ಕದಲ್ಲಿ 3,600 ವಾಟ್ ಕೊಡುತ್ತದೆ. ಏಸಿ ಓಡುವಾಗ ಮೈಕ್ರೋವೇವ್ ಒತ್ತಿದರೆ ಟ್ರಿಪ್. 50ರದು ಹೆಸರಿಗೆ ಇಪ್ಪತ್ತೇ ಹೆಚ್ಚು, ಒಳಗೆ ಎರಡು ಲೈನು ಬರುವುದರಿಂದ 12,000 ವಾಟ್. ಇಷ್ಟನ್ನು ಬಿಡಿಸಿ ಹೇಳಿದ ಮೇಲೆ ಮನೆಯಲ್ಲಿ ನನ್ನ ಮರ್ಯಾದೆ ಸ್ವಲ್ಪ ಚೇತರಿಸಿಕೊಂಡಿತು. ನಮಗೆ ಸಿಕ್ಕ ಗಾಡಿಗೆ ಇದ್ದದ್ದೇ 30ರ ಪ್ಲಗ್ಗು, ಆ ಮಾತು ಬೇರೆ.

ಮಗನಿಗೆ ಈಜುಕೊಳ ಬೇಕು, ವೈಫೈ ಬೇಕು, ರಿವರ್ಸ್ ತೆಗೆಯುವ ಗೋಳಿಲ್ಲದೆ ಮುಂದಿನಿಂದ ನುಗ್ಗಿ ಹಿಂದಿನಿಂದ ಹೊರಡುವ ಪುಲ್‌ಥ್ರೂ ಸೈಟೇ ಬೇಕು. ದ್ರಾಕ್ಷಿ ತೋಟಕ್ಕೆ ಅಂಟಿಕೊಂಡ ರೆಸಾರ್ಟಿನಂಥವು ಸಿಕ್ಕಿದವು, ನಾಸಿಮಿಯೆಂಟೊ ಜಲಾಶಯದ ದಂಡೆಯವು ಸಿಕ್ಕಿದವು, ಜುಲೈಯಲ್ಲಿ ಮಿಡ್‌ಸ್ಟೇಟ್ ಫೇರ್ ನಡೆಯುವ ಊರೊಳಗಿನ ಮೈದಾನವೂ ಸಿಕ್ಕಿತು. ಮೈದಾನ ಎಂದ ಕೂಡಲೇ ನನಗೆ ತಾತ ನೆನಪಾದರು.

ನಮ್ಮದು ಗೌರಿಬಿದನೂರು ಕಡೆ. ತಾತ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಕಮಾನು ಗಾಡಿ ಕಟ್ಟಿಕೊಂಡು ಹೋದರೆ ವಾರ ಅಲ್ಲೇ ಬಿಡಾರ. ಜಾಗ ಹಿಡಿಯುವ ಮುಂಚೆ ಗಾಡಿಯಿಂದಿಳಿದು ಒಂದು ಹಿಡಿ ಮಣ್ಣು ತೂರಿ ಗಾಳಿ ನೋಡುತ್ತಿದ್ದರು: ಗಂಜಲದ ವಾಸನೆ ಯಾರ ಕಡೆಯಿಂದ ಯಾರ ಕಡೆಗೆ ಹೋಗುತ್ತೆ? ಮರದ ನೆರಳು ಬೆಳಿಗ್ಗೆ ಎಲ್ಲಿ, ಇಳಿಹೊತ್ತಿಗೆ ಎಲ್ಲಿ? ಕೊನೆಗೆ ಪಕ್ಕದ ಗಾಡಿಯವರ ಊರು ಕೇಳುವರು. ತಂಟೆಯ ಊರು ಅನ್ನಿಸಿದರೆ ಬಿಚ್ಚಿದ ಎತ್ತನ್ನು ಮತ್ತೆ ಹೂಡುವುದೇ.

“ಅಲ್ಲಿ ಗಾಳಿ ಯಾವ ಕಡೆಯಿಂದ ಬೀಸುತ್ತೋ?” ಎಂದು ಕೇಳಿದೆ.

“ಅದಕ್ಕೆ ಫಿಲ್ಟರ್ ಇಲ್ಲ ಅಪ್ಪ.”

(ಪಶ್ಚಿಮದಿಂದ ಬೀಸುತ್ತದೆ. ಸಂಜೆಯಾದರೆ ಟೆಂಪಲ್ಟನ್ ಕಡೆಯ ಬೆಟ್ಟಗಳ ಸಂದಿಯಿಂದ ಕಡಲಗಾಳಿ ನುಗ್ಗಿ, ಹಗಲಿಡೀ ಕಾದ ಊರಿನ ಬಿಸಿಯನ್ನು ಇಪ್ಪತ್ತು ಡಿಗ್ರಿ ಸೆಲ್ಸಿಯಸ್‌ನಷ್ಟು ಇಳಿಸುತ್ತದೆ. ಅಲ್ಲಿನ ದ್ರಾಕ್ಷಿಗೆ ರುಚಿ ಬರುವುದೇ ಈ ಹಗಲಿನ ಸೆಕೆ, ರಾತ್ರಿಯ ಚಳಿಯಿಂದ. ನಮ್ಮ ಆಚೀಚೆಯವರ ಕೊಳಚೆ ಪೈಪಿನ ವಾಸನೆ ಬಂದದ್ದೂ ಅದೇ ಗಾಳಿಯಲ್ಲಿ.)

ಕೊನೆಗೆ ನಮ್ಮವಳ ಮಾತೇ ನಡೆಯಿತು. ಒಂದು ಕಡೆ ‘ರಿವರ್ ವ್ಯೂ’ ಎಂದಿತ್ತು, ರಾತ್ರಿಗೆ ಹದಿನೈದು ಡಾಲರ್ ಹೆಚ್ಚು. “ಬೆಳಿಗ್ಗೆ ಎದ್ದ ತಕ್ಷಣ ನೀರು ಕಂಡ್ರೆ ಒಳ್ಳೇದು” ಎಂದಳು. ಬುಕ್ ಆಯಿತು.

ಅಕ್ಟೋಬರಿನ ಒಂದು ಮಧ್ಯಾಹ್ನ ಗಾಡಿ ನಿಲ್ಲಿಸಿ ಇಳಿದೆವು. ಮುಂದೆ ಅಗಲವಾಗಿ ಬಿಳಿ ಮರಳು, ನಡುನಡುವೆ ಪೊದೆ, ಯಾರದೋ ಹಳೆಯ ಟೈರು.

“ಹೊಳೆ ಎಲ್ರೀ?”

“ಇದೇ.”

ಅವಳು ಸ್ವಲ್ಪ ಹೊತ್ತು ನೋಡಿದಳು. “ನಮ್ಮ ಪಿನಾಕಿನಿ ನೋಡೋದಕ್ಕೆ ಹದಿನೈದು ಡಾಲರ್ ಕೊಟ್ವಾ?”

ಹೋಲಿಕೆ ಅವಳು ಅಂದುಕೊಂಡದ್ದಕ್ಕಿಂತ ಹತ್ತಿರದ್ದು. ನಂದಿಬೆಟ್ಟದ ಕಡೆ ಹುಟ್ಟುವ ಉತ್ತರ ಪಿನಾಕಿನಿ ನಮ್ಮೂರ ಕಡೆಗೆ ಉತ್ತರಮುಖವಾಗಿಯೇ ಬರುತ್ತದೆ. ಈ ಸಲಿನಾಸ್ ನದಿಯೂ ಉತ್ತರಕ್ಕೇ, ಹುಟ್ಟಿನಿಂದ ಒಟ್ಟು ಸುಮಾರು 280 ಕಿ.ಮೀ. ನಡೆದು ಮಾಂಟೆರೆ ಕೊಲ್ಲಿ ಸೇರುತ್ತದೆ. ಎರಡರ ಸೀಮೆಯಲ್ಲೂ ದ್ರಾಕ್ಷಿ. ಬೇಸಿಗೆಯಲ್ಲಿ ಸಲಿನಾಸ್ ಹರಿಯುವುದು ಮರಳಿನ ಕೆಳಗೆ. ಅಲ್ಲಿನವರು ಅದನ್ನು ತಲೆಕೆಳಗಾದ ನದಿ ಎನ್ನುತ್ತಾರೆ. ಸತ್ತಿದೆ ಎಂದು ನಂಬಿದರೂ ಕಷ್ಟ. 2023ರ ಜನವರಿ ಮಳೆಗೆ ದಡ ಮೀರಿ ಕೆಳಗಿನ ಕಣಿವೆಯ ತರಕಾರಿ ಹೊಲಗಳಿಗೆ ನುಗ್ಗಿತ್ತು.

ಆ ಊರಲ್ಲಿ ನೀರಿನ ವ್ಯವಹಾರವೆಲ್ಲ ನೆಲದ ಕೆಳಗಿನದೇ. ಹಿಂದೆ ಊರಿಗೆ ಹೆಸರು ಬಂದದ್ದು ಗಂಧಕದ ಬಿಸಿನೀರಿನಿಂದ. ಪಿಯಾನೊ ವಾದಕ ಪಾಡೆರೆವ್‌ಸ್ಕಿ ನೋವಿನ ಉಪಚಾರಕ್ಕೆಂದು ಬಂದವನು ಜಮೀನು ಕೊಂಡು ಜಿನ್‌ಫಾಂಡೆಲ್ ದ್ರಾಕ್ಷಿ ಹಾಕಿಸಿದ. 1919ರಲ್ಲಿ ಪೋಲೆಂಡಿನ ಪ್ರಧಾನಿಯೂ ಆದ. 2003ರ ಡಿಸೆಂಬರ್ 22ರ ಭೂಕಂಪಕ್ಕೆ ಗ್ರಂಥಾಲಯದ ಪಾರ್ಕಿಂಗ್ ಜಾಗದಲ್ಲೇ ಬಿಸಿನೀರು ಉಕ್ಕಿತಂತೆ. ಆದರೆ ತಣ್ಣೀರು ಕೇಳಿದರೆ ಇಲ್ಲ. ಬೋರ್‌ವೆಲ್‌ಗಳು ಬತ್ತತೊಡಗಿ, 2013ರಲ್ಲಿ ಕೌಂಟಿಯವರು ಹೊಸ ತೋಟಕ್ಕೆ ಕಡಿವಾಣ ಹಾಕಿದರು: ಎಷ್ಟು ನೀರು ಎತ್ತುತ್ತೀಯೋ ಅಷ್ಟನ್ನು ಬೇರೆ ಕಡೆ ಉಳಿಸಿ ತೋರಿಸು. ಚಿಕ್ಕಬಳ್ಳಾಪುರದಲ್ಲಿ ಯಾರಾದರೂ ಹೀಗೆ ಹೇಳಿದರೆ ಅವರ ಗತಿಯೇನೆಂದು ಯೋಚಿಸಿ ನನಗೇ ನಗು ಬಂತು.

ವೈನರಿಗೂ ಹೋದೆವು. ರುಚಿ ನೋಡಿ ಉಗುಳಲು ಬಕೆಟ್ ಇಟ್ಟಿದ್ದರು. “ದುಡ್ಡು ಕೊಟ್ಟು ಉಗಿಯೋದಾ?” ಎಂದು ನಮ್ಮವಳು ಹುಬ್ಬೇರಿಸಿದಳು. ವೈನಿನ ಬಗ್ಗೆ ನನ್ನ ಅಭಿಪ್ರಾಯ ಅಷ್ಟಕ್ಕಷ್ಟೆ. ಬೆಂಗಳೂರು ಬ್ಲೂ ದ್ರಾಕ್ಷಿಯ ಹುಳಿ ನಾಲಗೆಗೆ ಹತ್ತಿದವರು ನಾವು.

ರಾತ್ರಿಯ ಕಥೆ ಬೇರೆ. ಊರ ಹೆಸರಿಗೆ ಸ್ಪ್ಯಾನಿಷಿನಲ್ಲಿ ಓಕ್ ಮರಗಳ ಕಣಿವೆದಾರಿ ಎಂದರ್ಥ. ನೆರಳು ಚೆನ್ನಾಗಿದೆಯೆಂದು ನಾನೇ ಹಟ ಹಿಡಿದು ಓಕ್ ಮರದಡಿ ಗಾಡಿ ನಿಲ್ಲಿಸಿದ್ದೆ. ಅಕ್ಟೋಬರ್ ಅದರ ಕಾಯಿ ಉದುರುವ ಕಾಲ. ತಗಡಿನ ಚಾವಣಿ, ಮೇಲೆ ಟಪ್, ಟಪ್. ಅದು ನಿಂತಿತು ಎನ್ನುವಾಗ ಹೊಳೆಯ ಗುಂಟ ಸಾಗುವ ರೈಲು ಕೂಗಿತು. ತಾತ ರೈಲನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಬೆಳಿಗ್ಗೆ ಮಗ ಗ್ಲೌಸು ತೊಟ್ಟು ಪೈಪಿಗೆ ಕೈಹಾಕಿದ. ಮೊದಲು ಕಕ್ಕಸಿನ ಟ್ಯಾಂಕು, ಆಮೇಲೆ ಪಾತ್ರೆ ತೊಳೆದ ನೀರಿನದು. ಹಿಂದಿನದನ್ನು ಮುಂದಿನದು ತೊಳೆದುಕೊಂಡು ಹೋಗಲೆಂದು. ನಮ್ಮವಳು ಅಷ್ಟು ದೂರದಲ್ಲಿ ನಿಂತು, ಅವನು ಎರಡು ಸಲ ಸೋಪು ಹಚ್ಚುವವರೆಗೆ ಕಾಫಿ ಲೋಟ ಮುಟ್ಟಗೊಡಲಿಲ್ಲ.

ನಾನು ಮೊಮ್ಮಗಳನ್ನು ಕರೆದುಕೊಂಡು ಹೊಳೆಗಿಳಿದೆ. ಜಾತ್ರೆಯ ದಾರಿಯಲ್ಲಿ ತಾತ ಪಿನಾಕಿನಿಯ ಮರಳು ತೋಡಿ ಒರತೆ ಮಾಡುತ್ತಿದ್ದರು. ಮೊದಲು ಬರುವ ಕದಡನ್ನು ಕರಟದಲ್ಲಿ ಮೊಗೆದು ಚೆಲ್ಲಿ, ತಿಳಿ ಬಂದ ಮೇಲೆ ಎತ್ತುಗಳಿಗೆ. ಅವಳ ಪ್ಲಾಸ್ಟಿಕ್ ಸಲಿಕೆಯಲ್ಲಿ ತೋಡತೊಡಗಿದೆವು. ಒಂದು ಗೇಣು ಬಿಸಿ ಮರಳು, ಎರಡನೆಯದು ಬೆಚ್ಚಗೆ. ಮೊಣಕೈ ಮುಳುಗುವಷ್ಟು ಹೋದಾಗ ಮರಳಿನ ಬಣ್ಣ ಬದಲಾಯಿತು, ಮುಷ್ಟಿ ಕಟ್ಟಿದರೆ ಉಂಡೆ ನಿಂತಿತು. ನೀರು ಬರಲಿಲ್ಲ. “ತಾತಾ, ತಣ್ಣಗಿದೆ!” ಎಂದು ಅವಳು ಇಡೀ ತೋಳನ್ನು ಒಳಗಿಟ್ಟುಕೊಂಡು ಕೂತಳು, ಹೊರಡುವ ಹೊತ್ತಾದರೂ ಏಳಲಿಲ್ಲ.

ಹೊಳೆಗೆಂದು ಕೊಟ್ಟ ಹದಿನೈದು ಡಾಲರ್ ದಂಡ ಎಂದು ಮಗ ಈಗಲೂ ಹೇಳುತ್ತಾನೆ. ನನಗೆ ಹಾಗನ್ನಿಸುವುದಿಲ್ಲ. ರೈಲಿನ ಮಾತು ಬೇರೆ; ನೀವು ಹೋಗುವುದಾದರೆ ಹಳಿ ಯಾವ ಕಡೆ ಇದೆಯೆಂದು ಮೊದಲೇ ಕೇಳಿಕೊಳ್ಳಿ.