ಮಡಚುವವರ ಕಷ್ಟ

ಮನೆಯ ಟ್ರೆಡ್‌ಮಿಲ್ ಸವೆಯುವುದು ಓಡಿ ಅಲ್ಲ, ಮಡಚಿ. ನೆಂಟರು ಬಂದರೆ ಮಡಚು, ಹೋದರೆ ಬಿಚ್ಚು. ನಮ್ಮದರ ಬೆಲ್ಟ್ ಇನ್ನೂ ಮದುಮಗಳಂತೆ ಮಿರುಗುತ್ತಿದೆ. ಅಡಿಯ ಗ್ಯಾಸ್ ಸ್ಟ್ರಟ್ ಮಾತ್ರ ಉಸಿರು ಬಿಟ್ಟಿತು. ಸೀಲ್ ಸವೆದು ಒಳಗಿನ ನೈಟ್ರೋಜನ್ ಸೋರಿದರೆ, ಮೆಲ್ಲಗೆ ಇಳಿಯಬೇಕಾದ ಹಲಗೆ ಧಡಾರನೆ ಬೀಳುತ್ತದೆ. ಕೆಳಮನೆಯವರು ಮೇಲೆ ಬರುತ್ತಾರೆ.

ಹೊಸ ಸ್ಟ್ರಟ್‌ಗೆ ಉದ್ದ ಹೊಂದಿದರೆ ಸಾಲದು, ಮೈಮೇಲೆ ನ್ಯೂಟನ್ ಲೆಕ್ಕದಲ್ಲಿ ಬರೆದ ಬಲವೂ ಹೊಂದಬೇಕು. ಬಲ ಜಾಸ್ತಿಯಾದರೆ ಹಲಗೆ ಇಳಿಯಲೇ ಒಲ್ಲದು. ಹಲಗೆಗೆ ಆಸರೆ ಕೊಟ್ಟು, ಕುಕ್ಕರಗಾಲಲ್ಲಿ ಕುಳಿತು, ಬೋಲ್ಟ್ ಬಿಚ್ಚಿ, ಸವೆದ ಬುಷ್, ಲಾಚ್ ಪಿನ್ ಎಲ್ಲ ಬದಲಿಸಿದ್ದಾಯಿತು. ಅಷ್ಟು ಬೆವರನ್ನು ಆ ಯಂತ್ರದ ಮೇಲೆ ಯಾರೂ ಸುರಿಸಿದ್ದಿಲ್ಲ.

19ನೇ ಶತಮಾನದ ಇಂಗ್ಲೆಂಡಿನ ಜೈಲುಗಳಲ್ಲಿ ಟ್ರೆಡ್‌ಮಿಲ್ ತುಳಿಯುವುದೇ ಶಿಕ್ಷೆ. ಪುಣ್ಯವಂತ ಕೈದಿಗಳು, ಅದನ್ನು ಮಡಚುವ ಶಿಕ್ಷೆಯಾದರೂ ಅವರಿಗಿರಲಿಲ್ಲ!